ವರಸೆಯಲ್ಲಿ ಸೊಸೆ

ರೋಗಿಯ ಹತ್ತಿರ ನಿಮ್ಮ ಊರು ಹೇಳಬೇಡಿ ಎಂದು ನಮಗೆ ಕ್ಲಾಸಿನಲ್ಲಿ ಹೇಳಿಕೊಟ್ಟಿದ್ದರು. ಊರು, ಮನೆ, ಅಪ್ಪನ ಕೆಲಸ, ಮದುವೆ ಆಗಿದೆಯೋ ಇಲ್ಲವೋ, ಯಾವುದೂ ಬೇಡ. ನೀವು ಕೇಳುವವರು, ಅವರು ಹೇಳುವವರು, ಅಷ್ಟೆ. ಇದನ್ನು ಹೇಳಿದ ಮೇಡಂ ಕರಾವಳಿ ಕಡೆಯವರು. ಮಂಡ್ಯಕ್ಕೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಬೋರ್ಡಿನ ಮೇಲೆ 'ಥೆರಪ್ಯೂಟಿಕ್ ಕಮ್ಯುನಿಕೇಶನ್' ಎಂದು ದೊಡ್ಡದಾಗಿ ಬರೆದು, ರೋಗಿಯ ಮನಸ್ಸಿಗೆ ಔಷಧಿಯಾಗುವಂತೆ ಮಾತಾಡುವುದು ಹೇಗೆ ಎಂದು ಎರಡು ಗಂಟೆ ಪಾಠ ಮಾಡಿದ್ದರು. ಮಂಡ್ಯ ಜಿಲ್ಲೆಯಲ್ಲಿ ಊರು ಹೇಳದೆ ಒಬ್ಬ ಮುದುಕರ ಹತ್ತಿರ ಐದು ನಿಮಿಷ ಮಾತಾಡಿ ತೋರಿಸಿ ಮೇಡಂ ಎಂದು ನಾನು ಅವತ್ತೇ ಕೇಳಬೇಕಿತ್ತು. ಕೇಳಲಿಲ್ಲ. ಹಿಂದಿನ ಬೆಂಚಿನಲ್ಲಿ ಕೂತು ನಕ್ಕೆ.

ನಾನು ಆಗ ನರ್ಸಿಂಗ್ ಎರಡನೇ ವರ್ಷ. ಹಲಗೂರಿನಿಂದ ಆಚೆ ಒಂದು ಹಳ್ಳಿ ನಮ್ಮದು, ಮಂಡ್ಯದಲ್ಲಿ ಹಾಸ್ಟೆಲಿನಲ್ಲಿದ್ದೆ. ಬೆಳಿಗ್ಗೆ ಎಂಟಕ್ಕೆ ಆಸ್ಪತ್ರೆಗೆ ಹೋದರೆ ಸಂಜೆ ನಾಲ್ಕರವರೆಗೆ ವಾರ್ಡು. ಯಾವ ಆಸ್ಪತ್ರೆ ಎಂದು ಬರೆಯುವುದಿಲ್ಲ. ತಪ್ಪು ಆಸ್ಪತ್ರೆಯದಲ್ಲ.

ಒಬ್ಬೊಬ್ಬ ವಿದ್ಯಾರ್ಥಿಗೂ ಒಬ್ಬ ರೋಗಿಯನ್ನು ಐದು ದಿನಕ್ಕೆ ಕೊಡುತ್ತಿದ್ದರು. ಆ ರೋಗಿಯನ್ನು ತಲೆಯಿಂದ ಕಾಲಿನವರೆಗೆ ಪರೀಕ್ಷಿಸಿ ಕಂಡದ್ದನ್ನು ಬರೆಯಬೇಕು. ಆಮೇಲೆ ತೊಂದರೆ ಏನು, ನಾವೇನು ಮಾಡುತ್ತೇವೆ, ಯಾಕೆ ಮಾಡುತ್ತೇವೆ, ಮಾಡಿದ್ದರಿಂದ ಏನಾಯಿತು ಎಂದು ಕಾಲಂ ಹಾಕಿ ತುಂಬಬೇಕು. ಇದು ಕೇರ್ ಪ್ಲಾನ್. ಸೀನಿಯರ್‌ಗಳ ಫೈಲು ನೋಡಿಕೊಂಡು ಕೊನೆಯ ಕಾಲಮ್ಮನ್ನು ಮೊದಲನೇ ದಿನವೇ ತುಂಬಿಟ್ಟುಬಿಡುವುದು ನಮ್ಮಲ್ಲಿ ಪದ್ಧತಿ. ರೋಗಿಯ ಮುಖ ನೋಡುವ ಮೊದಲೇ 'ನೋವು ಕಡಿಮೆಯಾಗಿದೆ, ಆತಂಕ ತಗ್ಗಿದೆ' ಎಂದು ಬರೆದಾಗಿರುತ್ತಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಕೆಲಸ. ನಾನೂ ಹೊಲಿಸಿದೆ.

ನನಗೆ ಕೊಟ್ಟದ್ದು ಮೂಳೆ ವಾರ್ಡಿನ ಏಳನೇ ಮಂಚ. ಎಪ್ಪತ್ತು ದಾಟಿದ ಹಿರಿಯರು, ಕೆರಗೋಡಿನ ಕಡೆಯ ಹಳ್ಳಿಯವರು. ಕೊಟ್ಟಿಗೆಯಲ್ಲಿ ಗಂಜಲದ ಮೇಲೆ ಕಾಲು ಜಾರಿ ಬಿದ್ದು ತೊಡೆಮೂಳೆ ಮುರಿದಿತ್ತು. ಕಾಲಿಗೆ ಪಟ್ಟಿ ಸುತ್ತಿ, ಮಂಚದ ತುದಿಯಿಂದ ತೂಕ ಇಳಿಬಿಟ್ಟಿದ್ದರು. ಆಪರೇಷನ್ ಆಗುವವರೆಗೆ ಏಳುವ ಹಾಗಿಲ್ಲ, ಮಗ್ಗುಲಾಗುವ ಹಾಗಿಲ್ಲ. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಮಗ ಮದ್ದೂರಿನ ಒಂದು ರೈಸ್ ಮಿಲ್ಲಿನಲ್ಲಿ ಕೆಲಸಕ್ಕಿದ್ದವರು. ಸಂಜೆ ಆರಕ್ಕೆ ಬಂದು ಮಂಚದ ಪಕ್ಕ ಚಾಪೆ ಹಾಸಿಕೊಂಡು ಮಲಗಿ, ಬೆಳಿಗ್ಗೆ ಆರಕ್ಕೆ ಬಸ್ಸು ಹಿಡಿಯುತ್ತಿದ್ದರು. ಸೊಸೆಗೆ ಮನೆಯಲ್ಲಿ ಹಸು, ಮಕ್ಕಳು. ಹಗಲು ಹೊತ್ತಿನಲ್ಲಿ ಏಳನೇ ಮಂಚದ ಪಕ್ಕ ಯಾರೂ ಇರುತ್ತಿರಲಿಲ್ಲ. ನಾನಿದ್ದೆ.

ಸೋಮವಾರ ಬೆಳಿಗ್ಗೆ ಹೋಗಿ, ಪುಸ್ತಕದಲ್ಲಿ ಇದ್ದ ಹಾಗೆ ಪರಿಚಯ ಹೇಳಿಕೊಂಡೆ. ನಾನು ನರ್ಸಿಂಗ್ ಓದುತ್ತಿರುವವಳು, ಐದು ದಿನ ನಿಮ್ಮನ್ನು ನೋಡಿಕೊಳ್ಳುತ್ತೇನೆ ಎಂದೆ.

"ಯಾವೂರವ್ವ ನಿಂದು?" ಎಂದರು.

"ನೋವು ಹೇಗಿದೆ ಈಗ?"

"ನೋವಿರ್ಲಿ. ಯಾವೂರು ಅಂದೆ."

"ರಾತ್ರಿ ನಿದ್ದೆ ಬಂತಾ?"

ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. ಆಮೇಲೆ ಎಂಟನೇ ಮಂಚದ ಕಡೆ ತಿರುಗಿ, "ಈ ಮಗೀಗೆ ಊರೇ ಇಲ್ವೇನ್ಲಾ?" ಎಂದರು. ಎಂಟನೇ ಮಂಚದಲ್ಲಿದ್ದವನು ಮಳವಳ್ಳಿಯ ಒಬ್ಬ ಮಾತುಗಾರ. ಬೈಕಿನಿಂದ ಬಿದ್ದು ಕಣಕಾಲಿಗೆ ಪ್ಲೇಟು ಹಾಕಿಸಿಕೊಂಡಿದ್ದ. "ಇರ್ತದೆ ಬುಡಣ್ಣೋ, ಏಳ್ಬಾರ್ದು ಅಂತ ರೂಲ್ಸು ಮಾಡವ್ರೆ" ಎಂದು ನಗಾಡಿದ. ನನಗೆ ಕಿವಿ ಬಿಸಿಯಾಯಿತು. ಅಲ್ಲಿಂದಾಚೆ ನಾನು ಕೇಳಿದ ಪ್ರಶ್ನೆಗೆಲ್ಲ ಮುದುಕರದ್ದು ಒಂದೇ ಉತ್ತರ, "ಊಂ."

ಆದರೆ ಹನ್ನೊಂದು ಗಂಟೆಗೆ ಅವರೇ ಜೋರಾಗಿ ಕೂಗಿದರು, "ಸಿಸ್ಟ್ರೇ, ಒಂದಕ್ಕೆ ಬತ್ತಾದೆ!" ಮಲಗಿದಲ್ಲೇ ಮೂತ್ರ ಮಾಡಲು ಕೊಡುವ ಪ್ಲಾಸ್ಟಿಕ್ ಪಾಟು ತಂದೆ, ಪರದೆ ಎಳೆದೆ, ಹಿಡಿದುಕೊಂಡೆ, ಅಳೆದೆ, ಬರೆದೆ. ಅವರಿಗೂ ನಾಚಿಕೆ ಇಲ್ಲ, ನನಗೂ ಇಲ್ಲ. ನಾನು ಅವರಿಗೆ ಸಿಸ್ಟರು, ಅವರು ನನಗೆ ಏಳನೇ ಮಂಚ. ನೀರು ಕೊಟ್ಟರೆ ಗಟಗಟ ಕುಡಿದರು. ಒಳಗೆ ಹೋದ ನೀರೆಷ್ಟು, ಹೊರಗೆ ಬಂದದ್ದೆಷ್ಟು ಎಂದು ಬರೆಯುವ ಒಂದು ಚಾರ್ಟು ನಮ್ಮ ಫೈಲಿನಲ್ಲಿರುತ್ತದೆ. ಮಲಗಿದಲ್ಲೇ ಇರುವ ಮುದುಕರಿಗೆ ಅದೇ ಮುಖ್ಯ. ನೀರು ಕಡಿಮೆಯಾದರೆ ಮೊದಲು ಏಟು ಬೀಳುವುದು ಕಿಡ್ನಿಗೆ. ಆ ಐದು ದಿನಗಳಲ್ಲಿ ನಾನು ಬರೆದ ನಿಜವಾದ ಹಾಳೆ ಸೋಮವಾರದ್ದು ಒಂದೇ.

ಸಂಜೆ ಮೇಡಂ ಫೈಲು ತೆರೆದರು. ರೋಗಿಯ ಪೂರ್ವ ಕಥೆ ಬರೆಯುವ ಎರಡು ಪುಟ ಖಾಲಿ. "ಇವರು ನಿನ್ನ ಹತ್ತಿರ ಮಾತೇ ಆಡಿಲ್ಲವಲ್ಲ! ಒಂದು ವಿಶ್ವಾಸ ಬೆಳೆಸೋಕೆ ಬರಲ್ವಾ ನಿಂಗೆ? ನಾಳೆ ಇದು ತುಂಬಿರದಿದ್ದರೆ ಸಹಿ ಹಾಕಲ್ಲ" ಎಂದರು. ಊರು ಹೇಳಬೇಡಿ ಎಂದವರೂ ಅವರೇ, ವಿಶ್ವಾಸ ಬೆಳೆಸು ಎಂದವರೂ ಅವರೇ. ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು. ನಾನು ನಡುವೆ ನೊಗ ಹಿಡಿದು ನಿಂತಿದ್ದೆ.

ಮಂಗಳವಾರ ಅವರು ಕೇಳುವ ಮೊದಲೇ ನಾನು ಊರು ಹೇಳಿಬಿಟ್ಟೆ.

ಮುದುಕರು ತಲೆ ಎತ್ತಿದರು. ಯಾರ ಮಗಳು ಎಂದರು. ಹೇಳಿದೆ. ನಿಮ್ಮಪ್ಪನಿಗೆ ಎಷ್ಟು ಹೆಣ್ಣು ಎಂದರು. ಇಬ್ಬರು, ಅಕ್ಕನನ್ನು ಕೆರಗೋಡಿನ ತಾವ ಕೊಟ್ಟಿದೆ ಎಂದೆ. ಯಾವ ಮನೆಗೆ ಎಂದರು. ನನ್ನ ಭಾವನ ಅಪ್ಪನ ಹೆಸರು ಹೇಳಿದೆ. ಅವರ ಕಣ್ಣು ಅಗಲವಾಯಿತು.

"ಅಯ್ಯೋ ನನ್ನವ್ವ! ಅವ್ನು ನನ್ನ ಸ್ವಂತ ತಮ್ಮ ಕಣವ್ವ! ಅಂಗಾರೆ ನೀನು ನಮ್ ಬೀಗ್ರ ಮಗ್ಳು! ವರಸೇಲಿ ನಂಗೆ ಸೊಸೆ ಆಯ್ತೀಯ!"

ಅಕ್ಕನ ಮದುವೆಯಲ್ಲಿ ನಾನು ಎಂಟನೇ ಕ್ಲಾಸು. ಬಿಳಿ ಪಂಚೆ ಉಟ್ಟ ಹಿರಿಯರು ನೂರಾರು ಜನ ಇದ್ದರು. ಅವರಲ್ಲಿ ಇವರು ಯಾರೆಂದು ನನಗೆ ಹೇಗೆ ಗೊತ್ತು? ಆದರೂ ತಪ್ಪು ಮಾಡಿದವಳ ಹಾಗೆ ನಿಂತೆ. ಅವರು ಮೊದಲು ಮಾಡಿದ ಕೆಲಸ, ಕೈಚಾಚಿ ಕಂಬಳಿಯನ್ನು ಮಂಡಿಯಿಂದ ಪಾದದವರೆಗೆ ಎಳೆದುಕೊಳ್ಳಲು ಹೋದದ್ದು. ಕೈ ಎಟುಕಲಿಲ್ಲ. ನಾನೇ ಎಳೆದು ಮುಚ್ಚಿದೆ. "ಕೂತ್ಕೊ ಕೂತ್ಕೊ, ನಿಂತೇ ಇದ್ದೀಯಲ್ಲ" ಎಂದರು. ಎಂಟನೇ ಮಂಚದವನಿಗೆ, "ನೋಡ್ಲಾ, ನಮ್ ಬೀಗ್ರ ಮಗೀನ ನಿನ್ನೆ ಊರಿಲ್ದೋಳು ಅಂದ್ಬುಟ್ಟೆ, ನಾಲ್ಗೆ ಸೇದೋಗ" ಎಂದು ಹೇಳಿಕೊಂಡರು.

ಆಮೇಲೆ ಎರಡು ಪುಟ ಅಲ್ಲ, ಐದು ಪುಟ ಬರೆಸಿದರು. ಚಿಕ್ಕಂದಿನಲ್ಲಿ ಬಂದ ಜ್ವರ, ಹೆಂಡತಿಯ ಸಾವು, ಬಿಟ್ಟ ಬೀಡಿ, ಮತ್ತೆ ಹಿಡಿದ ಬೀಡಿ, ಗದ್ದೆಯ ಪಾಲು, ಎಲ್ಲವನ್ನೂ. ಮೇಡಂ ಓದಿ, "ನೋಡು, ಮನಸ್ಸು ಮಾಡಿದರೆ ಆಗುತ್ತೆ" ಎಂದು ಪಕ್ಕದ ಹುಡುಗಿಯರಿಗೂ ನನ್ನ ಫೈಲು ತೋರಿಸಿದರು. ನಾನು ಹಿಗ್ಗಿದೆ.

ಆ ದಿನ ಹನ್ನೊಂದು ಗಂಟೆಗೆ ಯಾರೂ ಕೂಗಲಿಲ್ಲ. ನಾನೇ ಪಾಟು ತೆಗೆದುಕೊಂಡು ಹೋದೆ. ಅವರು ಮುಖವನ್ನು ಗೋಡೆಯ ಕಡೆ ತಿರುಗಿಸಿದರು.

"ಬ್ಯಾಡ ಕಣವ್ವ. ಅದ್ನ ಅತ್ಲಾಗಿ ಮಡ್ಗು. ಬಂದಿಲ್ಲ ನಂಗೆ."

"ಸಂಕೋಚ ಬೇಡ..." ಎಂದೆ. ಏನೆಂದು ಕರೆಯಲಿ? 'ಮಾವ' ಎಂದು ಬಾಯಿಗೆ ಬಂತು. ಹಾಗೆಂದೆ. "ಸಂಕೋಚ ಬೇಡ ಮಾವ."

ಆ ಒಂದು ಪದವೇ ಸಾಕಾಯಿತು. ನಮ್ಮ ಕಡೆ ಮಾವನ ಎದುರಿಗೆ ಸೊಸೆ ಕೂರುವುದೂ ಇಲ್ಲ. ನಮ್ಮವ್ವ ನಮ್ಮ ತಾತನಿಗೆ ಇಪ್ಪತ್ತು ವರ್ಷ ಮುದ್ದೆ ಇಕ್ಕಿದಳು, ಒಂದು ದಿನವೂ ಮುಖ ಎತ್ತಿ ಮಾತಾಡಿದ್ದು ನಾನು ನೋಡಿಲ್ಲ. ಅಂಥ ಮಾವನ ಮುಂದೆ ನಾನು ಉಚ್ಚೆ ಪಾಟು ಹಿಡಿದು ನಿಂತಿದ್ದೆ. ನಿಜ ಹೇಳಬೇಕೆಂದರೆ, ಬೇಡ ಎಂದು ಅವರು ಅಂದಾಗ ನನಗೆ ಹಾಯೆನಿಸಿತು. ಪಾಟನ್ನು ಮಂಚದ ಕೆಳಗಿಟ್ಟು, ಸದ್ಯ ಬಚಾವಾದೆ ಎಂದುಕೊಂಡು ಬಂದೆ. ಇದನ್ನು ನಾನು ಇವತ್ತಿಗೂ ಯಾರಿಗೂ ಹೇಳಿಲ್ಲ.

ಮಧ್ಯಾಹ್ನ ಮೂರಕ್ಕೆ ಮತ್ತೆ ಕೇಳಿದೆ. "ಆಗ್ಲೇ ಅಟೆಂಡರ್ ಬಂದಿದ್ದ, ಅವ್ನೇ ಎತ್ಕೊಂಡೋದ" ಎಂದರು. ಎಷ್ಟು ಹೋಗಿರಬಹುದು ಎಂದೆ. "ಸಂದಾಗೇ ಓಯ್ತು ಕಣವ್ವ, ಅದ್ನೆಲ್ಲ ಕೇಳ್ತಾರಾ" ಎಂದರು. ಇಡೀ ಮಹಡಿಗೆ ಇದ್ದದ್ದು ಒಬ್ಬನೇ ಅಟೆಂಡರು. ಬೆಳಿಗ್ಗೆಯಿಂದ ಅವನ ನೆರಳೂ ವಾರ್ಡಿನೊಳಗೆ ಬಿದ್ದಿರಲಿಲ್ಲ. ನಾನು ನಾನ್ನೂರು ಎಂ.ಎಲ್. ಎಂದು ಬರೆದೆ. ನೀರು ಎಷ್ಟು ಕುಡಿದಿರಿ ಎಂದೆ. "ಎರಡು ಚೊಂಬಾಯ್ತು" ಎಂದರು. ಅದನ್ನೂ ಬರೆದೆ. ಹಿರಿಯರು, ಬೀಗರು. ಅವರ ಮಾತನ್ನು ಅನುಮಾನಿಸಿ ಪಾಟು ಬಗ್ಗಿ ನೋಡುವುದಕ್ಕೆ ಮುಖವೇ ಬರಲಿಲ್ಲ.

ಬುಧವಾರ ನಾನು ಹೋಗುವಷ್ಟರಲ್ಲಿ ತಲೆದಿಂಬಿನ ಪಕ್ಕ ಪೇಪರಿನಲ್ಲಿ ಸುತ್ತಿದ ಪೊಟ್ಟಣ. ಹಿಂದಿನ ಮಧ್ಯಾಹ್ನವೇ ಮಗನಿಗೆ ಫೋನು ಮಾಡಿಸಿ ಮದ್ದೂರಿನಿಂದ ನಾಲ್ಕು ವಡೆ ತರಿಸಿದ್ದರು. "ಮಾವನ್ ತಾವ ಬಂದೋಳು ಬರೀ ಬಾಯಲ್ಲಿ ಓಗ್ಬಾರ್ದು" ಎಂದರು. ಮುರಿದ ಕಾಲಿಗೆ ತೂಕ ಕಟ್ಟಿಸಿಕೊಂಡು ಅಂಗಾತ ಮಲಗಿರುವ ಮನುಷ್ಯ, ಆ ಮಂಚವನ್ನೇ ಮನೆ ಮಾಡಿಕೊಂಡು ನನಗೆ ಉಪಚಾರ ಮಾಡುತ್ತಿದ್ದರು. ಯಾರು ಯಾರನ್ನು ನೋಡಿಕೊಳ್ಳಬೇಕಿತ್ತು? ವರಾಂಡದಲ್ಲಿ ನಿಂತು ನಾಲ್ಕೂ ವಡೆ ತಿಂದೆ. ಮೆತ್ತಗಾಗಿದ್ದರೂ ರುಚಿಯಾಗಿದ್ದವು.

ಅವತ್ತು ಅಕ್ಕ ಫೋನು ಮಾಡಿದಳು. ಮುದುಕರ ಮಗ ಮನೆಗೆ ಫೋನು ಮಾಡಿ, ಮನೆಯಿಂದ ಅವಳಿಗೆ ಸುದ್ದಿ ಹೋಗಿತ್ತು. "ದೊಡ್ಡ ಮಾವನ ವಾರ್ಡಲ್ಲಿ ನೀನೇ ಇದ್ದೀಯಂತಲ್ಲೇ! ಇಲ್ಲಿ ಎಲ್ಲ ನಿನ್ನ ಮಾತೇ ಕಣೆ. ನಮ್ಮತ್ತೆ ಬೇರೆ ಹೊಗಳ್ತಾ ಅವ್ರೆ. ಚೆನ್ನಾಗಿ ನೋಡ್ಕೊ. ಎದುರಿಗೆ ಗತ್ತಾಗಿ ನಿಂತ್ಕೊಬ್ಯಾಡ, ತಗ್ಗಿ ಬಗ್ಗಿ ಇರು. ನನ್ನ ಮರ್ವಾದೆ ಉಳ್ಸು." ಮದುವೆಯಾಗಿ ಆರು ವರ್ಷದಲ್ಲಿ ಆ ಮನೆಯವರು ಅಕ್ಕನ ತವರನ್ನು ಹೊಗಳಿದ್ದು ಇದೇ ಮೊದಲು. ತಗ್ಗಿ ಬಗ್ಗಿ ಇದ್ದೆ.

ಇದು ಸರಿಹೋಗುತ್ತಿಲ್ಲ ಎಂದು ಅವತ್ತೇ ನನಗೆ ಗೊತ್ತಿತ್ತು. ನೀರಿನ ವಿಷಯವಲ್ಲ, ಅದು ಹೊಳೆದಿರಲಿಲ್ಲ. ಅವರನ್ನು ಮುಟ್ಟಿ ನೋಡುವುದಕ್ಕೇ ನನಗೆ ಆಗುತ್ತಿರಲಿಲ್ಲ. ಕೈಯ ಚರ್ಮವನ್ನು ಚಿವುಟಿ ಎತ್ತಿ ಬಿಟ್ಟರೆ ಅದು ತಟ್ಟನೆ ಕೂರುತ್ತದೋ, ಹಾಗೇ ನಿಲ್ಲುತ್ತದೋ ನೋಡಿ ಮೈಯಲ್ಲಿ ನೀರಿದೆಯೇ ಎಂದು ತಿಳಿಯಬೇಕು. ಮೊದಲ ವರ್ಷದ ಪಾಠ. ಮಾವನನ್ನು ಚಿವುಟುವುದು ಹೇಗೆ? ಚಿವುಟದೆಯೇ 'ಸರಿಯಿದೆ' ಎಂದು ಬರೆದೆ. ಬೆನ್ನು ನೋಡಬೇಕು, ನೋಡಲಿಲ್ಲ, 'ಹುಣ್ಣಿಲ್ಲ' ಎಂದು ಬರೆದೆ.

ಮೇಡಂ ಹತ್ತಿರ ಹೋಗಿ, ಆ ರೋಗಿ ನಮ್ಮ ನೆಂಟರು, ನನಗೆ ಬೇರೆ ರೋಗಿ ಕೊಡಿ ಎಂದು ಕೇಳಿದೆ. "ಒಳ್ಳೇದೇ ಆಯ್ತಲ್ಲ, ನಿನ್ನ ಮೇಲೆ ನಂಬಿಕೆ ಇದೆ ಅವರಿಗೆ. ಇನ್ನೆರಡು ದಿನ. ಅರ್ಧ ಬರೆದ ಫೈಲು ಯಾರಿಗೆ ಕೊಡ್ಲಿ?" ಎಂದರು. ವರಸೆ ಎಂದರೇನು, ಮಾವನ ಎದುರು ಸೊಸೆ ಎಂದರೇನು ಎಂದು ಅವರಿಗೆ ವಿವರಿಸಲು ಬಾಯಿ ತೆರೆದೆ. ಅರ್ಧ ಇಂಗ್ಲಿಷು ಅರ್ಧ ಕನ್ನಡದಲ್ಲಿ ಏನೋ ತೊದಲಿದೆ. ಅವರು ಗಡಿಯಾರ ನೋಡಿಕೊಂಡರು. ಸುಮ್ಮನೆ ವಾಪಸು ಬಂದೆ.

ಗುರುವಾರ ಡಾಕ್ಟರು ರೌಂಡ್ಸಿಗೆ ಬಂದಾಗ ನನ್ನ ಚಾರ್ಟು ಕೈಗೆತ್ತಿಕೊಂಡರು. ದುಂಡಗಿನ ಅಕ್ಷರ, ಒಂದೂ ಕಾಟು ಹೊಡೆದಿಲ್ಲ. ನೀರು ಹೋಗಿದೆ, ಬಂದಿದೆ, ಎಲ್ಲ ಸರಿ. "ಚೆನ್ನಾಗಿದೆ. ಡ್ರಿಪ್ ಬೇಡ, ಬಾಯಿಂದಾನೇ ತಗೋತಾ ಇದ್ದಾರಲ್ಲ. ಸೋಮವಾರ ಆಪರೇಷನ್ ಮಾಡೋಣ" ಎಂದು ಮುಂದಿನ ಮಂಚಕ್ಕೆ ಹೋದರು. ಮುದುಕರ ತುಟಿ ಒಣಗಿ ಬಿರಿದದ್ದು ನನಗೆ ಕಂಡಿತ್ತು. "ನೀರು ಕುಡೀರಿ ಮಾವ" ಎಂದು ಲೋಟ ಕೊಟ್ಟೆ. ನಾನು ನೋಡುತ್ತಿರುವಷ್ಟು ಹೊತ್ತು ಒಂದು ಗುಟುಕು ಕುಡಿದು, "ಮಡ್ಗವ್ವ, ಆಮೇಲ್ ಕುಡೀತೀನಿ" ಎಂದರು. ಸ್ವಲ್ಪ ಹೊತ್ತಿಗೆ ಬಂದು ನೋಡಿದರೆ ಲೋಟ ಖಾಲಿ. ನೂರೈವತ್ತು ಎಂದು ಬರೆದೆ. ಆ ದಿನ ಅವರು ಹೆಚ್ಚು ಮಾತಾಡಲಿಲ್ಲ. ವಡೆ ಮಾತ್ರ ಇತ್ತು.

ಶುಕ್ರವಾರ ಬೆಳಿಗ್ಗೆ ನಾನು ಹೋದಾಗ ಅವರ ಕಣ್ಣು ಅರೆ ಮುಚ್ಚಿತ್ತು. ಮಾವ ಎಂದು ಕರೆದೆ. ಕಣ್ಣು ಬಿಟ್ಟರು, ಆದರೆ ನನ್ನನ್ನು ನೋಡಲಿಲ್ಲ. "ಬೀಗ್ರು ಬಂದವ್ರೆ, ಚಾಪೆ ಆಕ್ರೋ... ಒಳೀಕೆ ಕರೀರೋ..." ಎಂದು ಗೊಣಗಿದರು. ನಾಲಿಗೆ ಹೊರಗೆ ಬಂದಾಗ ನೋಡಿದೆ, ಒಣಗಿದ ತೊಗಟೆಯ ಹಾಗಿತ್ತು. ಆಗ ಚಿವುಟಿದೆ. ಮುಂಗೈ ಚರ್ಮ ಎತ್ತಿದ್ದು ಎತ್ತಿದ ಹಾಗೇ ನಿಂತಿತು.

"ನೀರೇ ಕುಡೀನಿಲ್ಲವಲ್ಲ ಕಣವ್ವ ಆವಯ್ಯ" ಎಂದ, ಎಂಟನೇ ಮಂಚದವನು. ನಾನು ತಿರುಗಿದೆ. "ಲೋಟ ಖಾಲಿ ಆಗಿರೋದಲ್ಲ?" ಎಂದೆ.

"ಅದ್ನ ನಾನ್ ಕುಡೀತಿದ್ದೆ. ಅಗಲೆಲ್ಲ ನೀನ್ ಕೊಟ್ ನೀರ್ನೆಲ್ಲ ನನ್ ಲೋಟಕ್ಕೆ ಬುಡೋನು. ಬಾಯಾರ್ಕೆ ಇಲ್ಲ ಅಂತಾನೆ. ನಂಗೇನ್ ಗೊತ್ತವ್ವ? ಕುಡುದ್ರೆ ಒಂದಕ್ಕೆ ಬತ್ತದೆ, ಬೀಗ್ರ ಎಣ್ ಮಗೀನ್ ಕೈಲಿ ಎಂಗ್ಲಾ ಇಡ್ಸೋದು, ಮಗ ಬರೋಗಂಟ ತಡ್ಕೋತೀನಿ ಅಂದ. ರಾತ್ರಿನೂ ಅಷ್ಟೆ, ಮಗ ದುಡುದು ಬಂದು ಮಲ್ಗವ್ನೆ, ಎಬ್ಬುಸ್ಬಾರ್ದು ಅಂತಾನೆ."

"ನನಗೆ ಯಾಕೆ ಹೇಳಲಿಲ್ಲ ನೀವು?"

"ಏಳ್ಬ್ಯಾಡ, ಆ ಮಗು ನೊಂದ್ಕೋತದೆ ಅಂತ ಆಣೆ ಇಡ್ಸ್ಕಂಡಿದ್ದ ಕಣವ್ವ."

ನಾನು ಓಡಿ ಸ್ಟಾಫ್ ಸಿಸ್ಟರನ್ನು ಕರೆದೆ. ಅವರು ಬಂದು ನೋಡಿ, ನಾಡಿ ಹಿಡಿದು, ಡ್ರಿಪ್ ಹಾಕಿ, ಮೂತ್ರಕ್ಕೆ ನಳಿಕೆ ಹಾಕಲು ಸಿದ್ಧ ಮಾಡಿಕೊಂಡರು. ಪರದೆ ಎಳೆದರು. ಅಷ್ಟು ಮಂಪರಿನಲ್ಲೂ ಮುದುಕರು ನನ್ನ ಬಿಳಿ ಬಟ್ಟೆಯನ್ನು ಗುರುತಿಸಿದರು. ಪಂಚೆಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು, "ಆ ಮಗೀನ ಆಚ್ಗೆ ಕಳ್ಸಿ... ಆ ಮಗೀನ ಆಚ್ಗೆ ಕಳ್ಸಿ" ಎಂದರು. ಸಿಸ್ಟರು ನನ್ನನ್ನು ನೋಡಿದರು. ನಾನು ಪರದೆಯ ಆಚೆ ಬಂದು ನಿಂತೆ. ಒಳಗೆ ಅವರು ನರಳುವುದು ಕೇಳುತ್ತಿತ್ತು. ನನ್ನ ರೋಗಿ. ಐದು ದಿನ ನಾನು ನೋಡಿಕೊಳ್ಳುತ್ತೇನೆ ಎಂದಿದ್ದೆ. ನಾನು ಮಾಡಬಹುದಾದ ಒಂದೇ ಉಪಕಾರ ಅಲ್ಲಿಂದ ದೂರ ಇರುವುದು.

ನಳಿಕೆಯಲ್ಲಿ ಬಂದದ್ದು ಒಂದು ಚಿಕ್ಕ ಬಟ್ಟಲಿನಷ್ಟು, ಕಾಫಿ ಡಿಕಾಕ್ಷನ್ ಬಣ್ಣದ್ದು.

ಡಾಕ್ಟರು ಬಂದವರು ಮೊದಲು ನನ್ನ ಚಾರ್ಟನ್ನೇ ನೋಡಿದರು. "ನಿನ್ನೆವರೆಗೂ ಸರಿಯಾಗೇ ಹೋಗಿದೆಯಲ್ಲ? ಹಾಗಾದರೆ ಇದು ತಲೆಗೆ ಏಟು ಬಿದ್ದದ್ದೋ ಏನೋ, ಸ್ಕ್ಯಾನ್‌ಗೆ ಕಳಿಸಿ" ಎನ್ನುತ್ತಿದ್ದರು. ನಾನು ಹೇಳಲೇಬೇಕಿತ್ತು. "ಸಾರ್, ಅದು ಅಳೆದದ್ದಲ್ಲ. ಅವರು ಹೇಳಿದ್ದನ್ನು ಬರೆದೆ."

"ಅಳೆದಿಲ್ವಾ?"

"ಇಲ್ಲ ಸಾರ್."

ಅವರು ಬೈಯುತ್ತಾರೆ ಎಂದು ತಲೆ ತಗ್ಗಿಸಿದ್ದೆ. ಬೈಯಲಿಲ್ಲ. ಚಾರ್ಟನ್ನು ಮಡಿಸಿ ಮಂಚದ ಮೇಲೆ ಇಟ್ಟರು, ಅಷ್ಟೆ. ರಕ್ತದ ರಿಪೋರ್ಟು ಮಧ್ಯಾಹ್ನ ಬಂತು. ಕಿಡ್ನಿ ಎರಡೂ ಸೋತಿದ್ದವು, ಮೂತ್ರದಲ್ಲಿ ಸೋಂಕು ಹತ್ತಿ ರಕ್ತಕ್ಕೂ ಏರಿತ್ತು. ಮೈಸೂರಿಗೆ ಕಳಿಸಬೇಕೆಂದರು. ಮಿಲ್ಲಿನಿಂದ ಮಗ ಮೈಗೆಲ್ಲ ತೌಡು ಮೆತ್ತಿಕೊಂಡೇ ಓಡಿ ಬಂದರು. ಆಂಬುಲೆನ್ಸಿಗೆ ಸ್ಟ್ರೆಚರ್ ಹತ್ತಿಸುವಾಗ ನಾನು ಅವರ ಹತ್ತಿರ ಹೋಗಿ, "ಅಣ್ಣ, ಅವರು ನೀರು ಕುಡಿದಿರಲಿಲ್ಲ, ನಾನು ನೋಡಲಿಲ್ಲ" ಎಂದೆ. ಮೇಡಂ ನನ್ನ ಭುಜ ಹಿಡಿದು ಹಿಂದಕ್ಕೆ ಎಳೆದರು. ಮಗ ಗಾಬರಿಯಲ್ಲಿ ಅದನ್ನು ಕೇಳಿಸಿಕೊಂಡರೋ ಇಲ್ಲವೋ. "ಆಯ್ತು ಬುಡವ್ವ, ನೀ ಮಾಡಿದ್ದೇ ಎಚ್ಚು" ಎಂದು ಹತ್ತಿ ಕೂತರು.

"ಮನೆಯವರ ಹತ್ತಿರ ಹಾಗೆಲ್ಲ ಮಾತಾಡಬಾರದು" ಎಂದರು ಮೇಡಂ, ವರಾಂಡಕ್ಕೆ ಕರೆದೊಯ್ದು. ಅವರ ದನಿಯಲ್ಲಿ ಕೋಪ ಇರಲಿಲ್ಲ, ಹೆದರಿಕೆ ಇತ್ತು. "ನೀನು ಸ್ಟೂಡೆಂಟ್. ಜವಾಬ್ದಾರಿ ನಿನ್ನದಲ್ಲ. ಆ ವಯಸ್ಸಿಗೆ ತೊಡೆಮೂಳೆ ಮುರಿದರೆ ಏನು ಬೇಕಾದರೂ ಆಗಬಹುದು." ಹಾಗಾದರೆ ಜವಾಬ್ದಾರಿ ಯಾರದ್ದು ಮೇಡಂ ಎಂದು ಕೇಳಿದೆ. ಅವರು "ಫೈಲು ಸೋಮವಾರ ಕೊಡು" ಎಂದರು. ಕೊಟ್ಟೆ. ಮಾತುಕತೆಯ ಭಾಗಕ್ಕೆ ನನ್ನ ಬ್ಯಾಚಿನಲ್ಲೇ ಹೆಚ್ಚು ಅಂಕ ಬಂತು. ಮೊದಲ ದಿನವೇ ತುಂಬಿಟ್ಟಿದ್ದ ಕೊನೆಯ ಕಾಲಮ್ಮಿಗೂ ಕೆಂಪು ಇಂಕಿನಲ್ಲಿ ಸರಿ ಗುರುತು ಹಾಕಿದ್ದರು.

ಒಂಬತ್ತು ದಿನ ಮೈಸೂರಿನಲ್ಲಿದ್ದು ಮುದುಕರು ತೀರಿಕೊಂಡರು.

ಅಕ್ಕ ಫೋನಿನಲ್ಲಿ ಹೇಳಿದಾಗ ನಾನು ಹಾಸ್ಟೆಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟೆ. ಎಲ್ಲವನ್ನೂ ಅವಳಿಗೆ ಹೇಳಿದೆ. ಪಾಟು, ಲೋಟ, ಚಾರ್ಟು, ನನಗೆ ಹಾಯೆನಿಸಿದ್ದು ಒಂದನ್ನು ಬಿಟ್ಟು. ಅವಳು ಕೊನೆಯವರೆಗೂ ಕೇಳಿದಳು. ಆಮೇಲೆ ದನಿ ತಗ್ಗಿಸಿ, "ಇದ್ನ ಇನ್ಯಾರಿಗಾದ್ರೂ ಹೇಳಿದ್ದೀಯಾ?" ಎಂದಳು. ಅವರ ಮಗನಿಗೆ ಹೇಳಲು ಹೋದೆ, ಗಾಬರಿಯಲ್ಲಿ ಕೇಳಿಸಿಕೊಳ್ಳಲಿಲ್ಲವೇನೋ ಎಂದೆ. "ಹೇಳ್ಬ್ಯಾಡ. ಹೇಳುದ್ರೆ ಅವ್ರು ಬರ್ತಾರಾ? ನಾನು ಈ ಮನೇಲಿ ಬಾಳ್ಬೇಕು ಕಣೆ." ನುಂಗಲೂ ಆಗದ, ಉಗುಳಲೂ ಆಗದ ಬಿಸಿ ತುಪ್ಪ. ಅವಳ ಮೇಲೆ ಸಿಟ್ಟು ಮಾಡಿಕೊಳ್ಳೋಣವೆಂದರೆ ಅವಳು ಹೇಳಿದ್ದರಲ್ಲಿ ಸುಳ್ಳೇನಿತ್ತು?

ಹನ್ನೊಂದನೇ ದಿನದ ತಿಥಿಗೆ ಹೋಗದಿರಲು ಪರೀಕ್ಷೆಯ ನೆಪ ಹೇಳಿ ನೋಡಿದೆ. ಅಪ್ಪ ಒಪ್ಪಲಿಲ್ಲ. ಬೀಗರ ಮನೆ ಸಾವು, ಅದರಲ್ಲೂ ನೀನು ಸೇವೆ ಮಾಡಿದವಳು, ಹೋಗದಿದ್ದರೆ ಏನಂದುಕೊಂಡಾರು ಎಂದರು. ಮಂಡ್ಯದಿಂದ ಕೆರಗೋಡಿನ ಬಸ್ಸಿನಲ್ಲಿ ಅಪ್ಪ, ಅವ್ವ, ನಾನು ಹೋದೆವು. ದಾರಿಯುದ್ದಕ್ಕೂ, ಮಗನನ್ನು ಒಬ್ಬರನ್ನೇ ಪಕ್ಕಕ್ಕೆ ಕರೆದು ಹೇಳಿಬಿಡುತ್ತೇನೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡೆ. ಬಸ್ಸಿಳಿಯುವಾಗಲೂ ಗಟ್ಟಿಯಾಗೇ ಇತ್ತು.

ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ನಾನು ಒಳಗೆ ಕಾಲಿಡುತ್ತಲೇ ಮಗ ಎದ್ದು ಬಂದರು. ತಲೆ ಬೋಳಿಸಿದ್ದರಿಂದ ಅಪ್ಪನ ಹೋಲಿಕೆ ಎದ್ದು ಕಾಣುತ್ತಿತ್ತು. ನೆರೆದಿದ್ದವರಿಗೆಲ್ಲ ಕೇಳುವಂತೆ, "ನಮ್ಮಪ್ಪನ್ನ ಆಸ್ಪತ್ರೇಲಿ ನೋಡ್ಕಂಡ ಮಗು ಇದೇಯ. ಸ್ವಂತ ಸೊಸೆನೂ ಅಂಗೆ ನೋಡ್ಕಳಕಿಲ್ಲ" ಎಂದರು. ಹಿಂದೆ ನಿಂತಿದ್ದ ಅವರ ಹೆಂಡತಿ ತಲೆಯಾಡಿಸಿ ಕಣ್ಣೊರೆಸಿಕೊಂಡಳು. ಅಕ್ಕ ಒಲೆಯ ಹತ್ತಿರದಿಂದ ನನ್ನನ್ನೇ ನೋಡುತ್ತಿದ್ದಳು. ನಾನು ಬಾಯಿ ತೆರೆಯಲಿಲ್ಲ.

ಹೆಂಗಸರ ಪಂಕ್ತಿಯಲ್ಲಿ ನನ್ನನ್ನು ಮುದುಕರ ಅಕ್ಕನ ಪಕ್ಕ ಕೂರಿಸಿದರು. ಎಂಬತ್ತು ದಾಟಿದ ಅಜ್ಜಿ. ಕಣ್ಣು ಮಂಜಾಗಿತ್ತು, ಕಿವಿ ಚುರುಕಾಗಿತ್ತು. ಎಲೆಗೆ ಪಾಯಸ ಬಿತ್ತು. ಅಜ್ಜಿ ತಡಕಾಡಿ ನನ್ನ ಮಣಿಕಟ್ಟು ಹಿಡಿದುಕೊಂಡಿತು.

"ಸಾಯೋವಾಗ ನಾವ್ಯಾರೂ ತಾವಿರ್ನಿಲ್ಲ ಕಣವ್ವ. ಮೈಸೂರಲ್ಲಿ ಗಾಜಿನ್ ಕ್ವಾಣೆ ಒಳ್ಗೆ ಮಡಗ್ಬುಟ್ರಂತೆ, ಬಾಯ್ಗೊಂದು ತೊಟ್ಟು ನೀರು ಬುಡಕ್ಕಾಗ್ನಿಲ್ಲ ಅಂತ ಅವನ್ ಮಗ ಈಗ್ಲೂ ಅಳ್ತಾನೆ. ಅದೊಂದೇ ನಂಗೆ ಒಟ್ಟೆ ಉರಿ. ನೀನ್ ಇದ್ದಾಗ ಕುಡುದ್ನಾ? ನೀರು ಕೇಳಿದ್ನಾ ನನ್ ತಮ್ಮ?"

ರೋಗಿಯ ಮನೆಯವರಿಗೆ ಸುಳ್ಳು ಸಮಾಧಾನ ಹೇಳಬಾರದು. ಅದೂ ಆ ಎರಡು ಗಂಟೆಯ ಪಾಠದಲ್ಲಿತ್ತು. ನಿಜ ಹೇಳಲು ಬಾರದಿದ್ದಾಗ ಸುಮ್ಮನಿದ್ದು ಕೈ ಹಿಡಿದುಕೊಳ್ಳಿ ಎಂದಿದ್ದರು. ನಾನು ಸುಮ್ಮನಿದ್ದೆ. ಅಜ್ಜಿ ಕೈ ಬಿಡಲಿಲ್ಲ. ಮುಖ ನನ್ನ ಕಡೆ ಎತ್ತಿ ಕಾಯುತ್ತಲೇ ಇತ್ತು. ಸುತ್ತಲಿನ ಹೆಂಗಸರೂ ಉಣ್ಣುವುದನ್ನು ನಿಲ್ಲಿಸಿ ಕಾಯುತ್ತಿದ್ದರು.

"ಕೇಳಿದ್ರು ಅಜ್ಜಿ. ಕೊಟ್ಟೆ. ಕುಡುದ್ರು" ಎಂದೆ.

"ನಿನ್ ಒಟ್ಟೆ ತಣ್ಣಗಿರ್ಲಿ ಕಣವ್ವ" ಎಂದು ಅಜ್ಜಿ ನನ್ನ ತಲೆ ಮುಟ್ಟಿ ನೆಟಿಗೆ ಮುರಿಯಿತು. "ಉಣ್ಣು, ಉಣ್ಣು, ತಣ್ಗಾಯ್ತದೆ."

ಉಂಡೆ. ಎರಡನೇ ಸಲ ಪಾಯಸ ತಂದಾಗಲೂ ಬೇಡವೆನ್ನಲು ಆಗಲಿಲ್ಲ.